ಕಣ್ಣಿಗೆ ಒಂದೇ, ಕುಲಕ್ಕೆ ಬೇರೆ

ಅಡಿಕೆ ಹಣ್ಣಾಗುವ ಕಾಲದಲ್ಲಿ ಮಲೆನಾಡಿನ ತೋಟಿಗರು ಬೆಳಗಾಗುತ್ತಲೇ ಮರಗಳ ಬುಡವನ್ನು ನೋಡುತ್ತಾರೆ. ಸಿಪ್ಪೆ ಚೀಪಿ ಬಿಸುಟ ಅಡಿಕೆಗಳು ಅಲ್ಲಿ ಬಿದ್ದಿರುತ್ತವೆ. ಯಾರ ಕೆಲಸವಿದು ಎಂದು ಕೇಳಿದರೆ ಬಾವಲಿಯದು ಎಂಬ ಉತ್ತರ ಬರುತ್ತದೆ. ಯಾವ ಬಾವಲಿ ಎಂಬ ಎರಡನೆಯ ಪ್ರಶ್ನೆಯನ್ನು ತೋಟಿಗರು ಕೇಳಬೇಕಾದ ಅಗತ್ಯವಿಲ್ಲ. ಆದರೆ ಘಟ್ಟವನ್ನು ಸೀಳುವ ರಸ್ತೆಗೆ, ಇಳಿಜಾರನ್ನು ಬಗೆಯುವ ಗಣಿಗೆ, ಕಾಡನ್ನು ಮುಳುಗಿಸುವ ಅಣೆಕಟ್ಟಿಗೆ ಒಪ್ಪಿಗೆ ಕೊಡುವವರು ಅದನ್ನು ಕೇಳಲೇಬೇಕು. ಕೇಳದೆ ‘ಸಾಮಾನ್ಯ ಪ್ರಭೇದ’ ಎಂದು ಬರೆದು ಮುಗಿಸುವ ರೂಢಿ ಎಷ್ಟು ಅಪಾಯಕಾರಿ ಎಂಬುದನ್ನು ಬಾವಲಿಗಳ ವಂಶವಾಹಿ ಅಧ್ಯಯನಗಳು ಕಳೆದ ಎರಡು ದಶಕಗಳಲ್ಲಿ ತೋರಿಸಿಕೊಟ್ಟಿವೆ.

ದಕ್ಷಿಣ ಭಾರತದಲ್ಲಿ ಸೈನೊಪ್ಟೆರಸ್ ಕುಲದ ಎರಡು ಹಣ್ಣುಬಾವಲಿಗಳಿವೆ. ಸ್ಫಿಂಕ್ಸ್ ಎಂಬುದು ಬಯಲಿನಲ್ಲಿಯೂ ತಗ್ಗಿನ ತೋಟಗಳಲ್ಲಿಯೂ ಹೇರಳವಾಗಿದೆ. ಬ್ರಾಕಿಯೋಟಿಸ್ ಎಂಬುದು ಎತ್ತರದ ಬೆಟ್ಟಗಳ ವಾಸಿ. ನಡುವಣ ಇಳಿಜಾರುಗಳಲ್ಲಿ ಎರಡೂ ಸಂಧಿಸುತ್ತವೆ. ಹೀಗೆ ಸಂಧಿಸುವಲ್ಲಿ ಅವು ಪರಸ್ಪರ ಕೂಡುತ್ತವೆಯೇ, ಮಿಶ್ರ ಸಂತತಿ ಹುಟ್ಟುತ್ತದೆಯೇ, ಒಂದರ ವಂಶವಾಹಿ ಇನ್ನೊಂದರೊಳಗೆ ಹರಿಯುತ್ತದೆಯೇ ಎಂಬುದನ್ನು ಬಾಲಾಜಿ ಚಟ್ಟೋಪಾಧ್ಯಾಯ, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಪರಿಶೀಲಿಸಿದರು. ಎರಡು ಪ್ರಭೇದಗಳು ಸಂಧಿಸುವ 2 ವಲಯಗಳಿಂದಲೂ ಇತರ 17 ತಾಣಗಳಿಂದಲೂ ಒಟ್ಟು 405 ಮಾದರಿಗಳನ್ನು ಸಂಗ್ರಹಿಸಿ ನಡೆಸಿದ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಅದರ ಫಲಿತಾಂಶದಲ್ಲಿ ಪರಿಸರಾಸಕ್ತರು ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ದಕ್ಷಿಣದ ಎತ್ತರದ ಸಂಧಿವಲಯಗಳಲ್ಲಿ ಎರಡು ಪ್ರಭೇದಗಳ ಮೈಯಳತೆಗಳು ಒಂದರ ಮೇಲೊಂದು ಬೀಳುವಷ್ಟು ಹೋಲುತ್ತವೆ. ಕೈಯಲ್ಲಿ ಹಿಡಿದು ಅಳೆದರೂ ಇದು ಯಾವುದೆಂದು ಹೇಳುವುದು ಕಷ್ಟ. ಎರಡನೆಯದು, ಇಷ್ಟು ಹೋಲಿಕೆಯಿದ್ದರೂ ಅಲ್ಲಿ ಅವು ಬೆರೆಯುತ್ತಿಲ್ಲ. ಮಿಶ್ರ ಸಂತತಿಯ ಗುರುತು ಸಿಗಲಿಲ್ಲ. ಮೂರನೆಯದು, ಈಶಾನ್ಯ ಭಾರತದಲ್ಲಿ ಸ್ಫಿಂಕ್ಸ್‌ನ ಜೊತೆಯಲ್ಲಿಯೇ, ಅದುವರೆಗೆ ಯಾರೂ ಗುರುತಿಸದಿದ್ದ ಬೇರೊಂದು ವಂಶಧಾರೆ ಬದುಕಿತ್ತು. ಆ ಎರಡರ ನಡುವೆ ಮಾತ್ರ ವಂಶವಾಹಿಗಳ ವಿನಿಮಯ ನಡೆದಿರುವ ಕುರುಹುಗಳು ದೊರೆತವು. ಕುಲ ಒಂದೇ ಆದರೂ ಒಂದು ಸೀಮೆಯಲ್ಲಿ ಬೇಲಿ ಗಟ್ಟಿಯಾಗಿದೆ, ಇನ್ನೊಂದು ಸೀಮೆಯಲ್ಲಿ ಅದಕ್ಕೆ ಕಂಡಿಯಿದೆ. ಒಂದು ಬೆಟ್ಟದ ಲೆಕ್ಕವನ್ನು ಮತ್ತೊಂದು ಬೆಟ್ಟಕ್ಕೆ ಹಚ್ಚುವಂತಿಲ್ಲ.

ಇದು ಹಣ್ಣುಬಾವಲಿಗೆ ಸೀಮಿತವಾದ ಮಾತೂ ಅಲ್ಲ. ರೈನೊಲೋಫಸ್ ರೂಕ್ಸಿ ಎಂಬ ಕುದುರೆಲಾಳದ ಮೂಗಿನ ಬಾವಲಿಗೆ 1835ರಲ್ಲಿ ಹೆಸರಿಡಲಾಗಿತ್ತು. ದಕ್ಷಿಣ ಭಾರತದಲ್ಲಿ ಅದರ ಕೆಲವು ಗುಂಪುಗಳು 80 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಇನ್ನು ಕೆಲವು 90ರ ಆಸುಪಾಸಿನಲ್ಲಿ ಕೂಗುತ್ತಿದ್ದುದು ಕಂಡುಬಂದಿತು. ಮನುಷ್ಯರ ಕಿವಿಗೆ ಎರಡೂ ಕೇಳಿಸವು. ವಂಶವಾಹಿಗಳನ್ನು ನೋಡಿದಾಗ ಅವು ಎರಡು ಬೇರೆ ಪ್ರಭೇದಗಳೆಂದು ತಿಳಿಯಿತು. ಎರಡನೆಯದಕ್ಕೆ 2012ರಲ್ಲಿ ಇಂಡೋರೂಕ್ಸಿ ಎಂಬ ಹೆಸರು ಬಂದಿತು. ಅಷ್ಟು ದೀರ್ಘಕಾಲ ಒಂದೇ ಹೆಸರಿನಡಿ ಎರಡು ಜೀವಗಳ ಲೆಕ್ಕ ನಡೆದಿತ್ತು.

ಹಾಗೆಂದು ಹರಿವು ಇರುವಲ್ಲಿ ವ್ಯತ್ಯಾಸವೇ ಇರದೆಂದು ತಿಳಿಯುವುದೂ ತಪ್ಪು. ಜೇ ಸ್ಟೋರ್ಜ್ ಅವರು ಭಾರತದ ಉದ್ದಕ್ಕೂ ಸ್ಫಿಂಕ್ಸ್ ಬಾವಲಿಗಳನ್ನು ಅಳೆದು, ಉತ್ತರಕ್ಕೆ ಹೋದಂತೆ ಅವುಗಳ ಮೈ ದೊಡ್ಡದಾಗುತ್ತದೆ ಎಂದು ತೋರಿಸಿದರು. ಗುಂಪುಗಳ ನಡುವೆ ವಂಶವಾಹಿಗಳು ಹರಿಯುತ್ತಿದ್ದರೂ ಆಯಾ ಸೀಮೆಯ ಹವೆ ಈ ವ್ಯತ್ಯಾಸವನ್ನು ಕಾಯ್ದುಕೊಂಡಿದೆ. ಈ ಹರಿವು ಸಾಗುವ ಬಗೆಯನ್ನು ಪುಣೆಯಲ್ಲಿ ಸ್ಟೋರ್ಜ್, ಎಚ್. ಆರ್. ಭಟ್ ಮತ್ತು ಥಾಮಸ್ ಕುಂಜ್ ವಿವರಿಸಿದ್ದಾರೆ. ಗಂಡು ಬಾವಲಿ ಬೈನೆ ಮರದ ಹೂಗೊನೆಯನ್ನು ಕಡಿದು ಕಡಿದು ಒಳಗೆ ಡೇರೆಯಂತಹ ಪೊಳ್ಳು ಮಾಡುತ್ತದೆ. ಹಲವು ಹೆಣ್ಣುಗಳು ಅದರೊಡನೆ ಅಲ್ಲಿ ನೆಲಸುತ್ತವೆ. ಅಲ್ಲಿ ಹುಟ್ಟಿದ ಮರಿಗಳು, ಗಂಡಾಗಲಿ ಹೆಣ್ಣಾಗಲಿ, ಬೆಳೆದ ಮೇಲೆ ತವರನ್ನು ತೊರೆದು ಬೇರೆಡೆಗೆ ಹೋಗುತ್ತವೆ. ಆ ಪಯಣವೇ ವಂಶವಾಹಿಯ ಹರಿವು. ಅದು ಮುಂದುವರಿಯಬೇಕಾದರೆ ಹಾರಿಹೋಗುವ ದೂರದಲ್ಲಿ ಇನ್ನೊಂದು ಬೈನೆ ಇರಬೇಕು, ದಾರಿಯಲ್ಲಿ ಅತ್ತಿ, ಆಲಗಳ ಹಣ್ಣಿರಬೇಕು. ಸೊಪ್ಪಿನ ಬೆಟ್ಟವೂ ದೇವರ ಕಾಡೂ ಹಳೆಯ ಕಾಫಿ ತೋಟದ ನೆರಳುಮರಗಳೂ ಬಾವಲಿಯ ಪಾಲಿಗೆ ಇಂತಹ ಮೆಟ್ಟಿಲುಗಳು.

ಹರಿವು ನಿಂತರೆ ಏನಾದೀತು ಎಂಬ ಭಯಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಕೋಲಾರದ ಎಲೆಮೂಗಿನ ಬಾವಲಿಯನ್ನು ಡೀಟರ್ ಕಾಕ್ ಅವರೊಡನೆ ಇದೇ ಭಟ್ಟರು 1994ರಲ್ಲಿ ಲೋಕಕ್ಕೆ ಪರಿಚಯಿಸಿದರು. ತೇರಹಳ್ಳಿಯ ನೆಲೆಯಿಂದ ಅದು ಕಾಣೆಯಾಯಿತು. ಉಳಿದದ್ದು ಹನುಮನಹಳ್ಳಿಯ ಒಂದು ಗುಹೆ, ಇನ್ನೂರರ ಆಸುಪಾಸಿನ ಬಾವಲಿಗಳು. ಸುತ್ತ ಗ್ರಾನೈಟ್ ಗಣಿಗಾರಿಕೆಯ ಕಾಟ. ಈ ಬಾವಲಿಗೆ ಕೂಡಲು ನೆರೆಯ ಗುಂಪು ಇಲ್ಲ. ಹೊಸ ನೆತ್ತರು ಬರುವ ದಾರಿ ಇಲ್ಲ. ಒಂದು ರೋಗ, ಒಂದು ಸ್ಫೋಟ ಸಾಕು. ಗುಹೆಯ ಬಾಯಿಗೆ ಕಾವಲು ಹಾಕಿದರೆ ಇಂದಿನ ಬಾವಲಿಗಳು ಉಳಿದಾವು. ಆದರೆ ಕಡಿದುಹೋದ ನಂಟನ್ನು ಕಾವಲುಗಾರನು ಮರಳಿ ಕೂಡಿಸಲಾರನು.

ಇಷ್ಟೆಲ್ಲ ತಿಳಿದ ಮೇಲೂ ಪರಿಸರ ಪರಿಣಾಮದ ವರದಿಗಳು ಹೇಗೆ ಸಿದ್ಧವಾಗುತ್ತವೆ? 2006ರ ಅಧಿಸೂಚನೆಯಡಿ ಅನೇಕ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಸ್ಫಿಂಕ್ಸ್ ಬಾವಲಿ ವರ್ಷಕ್ಕೆ ಎರಡು ಬಾರಿ ಮರಿಹಾಕುತ್ತದೆ, ಎರಡನೆಯ ಸರದಿ ಜೂನ್–ಜುಲೈ ತಿಂಗಳಲ್ಲಿ. ಆ ಹೊತ್ತಿಗೆ ಸಮೀಕ್ಷಕರು ಘಟ್ಟದಲ್ಲಿ ಇರುವುದಿಲ್ಲ. ಹಗಲಿನಲ್ಲಿ ನಡೆದು ಬಂದವರಿಗೆ ಖಾಲಿ ಗುಹೆ ಖಾಲಿಯಾಗಿಯೇ ಕಾಣುತ್ತದೆ. ಯುರೋಪಿನಲ್ಲಿ ಬೆಕ್‌ಸ್ಟೈನ್ ಬಾವಲಿಯ ಹೆಣ್ಣುಗಳು ಹುಟ್ಟಿದ ಗುಂಪನ್ನು ಬಿಡುವುದಿಲ್ಲ. ಆದರೆ ಬೇಸಿಗೆ ಮುಗಿಯುವ ಕಾಲದ ರಾತ್ರಿಗಳಲ್ಲಿ ಬೇರೆ ಬೇರೆ ಗುಂಪುಗಳ ಗಂಡುಹೆಣ್ಣುಗಳು ಕೆಲವು ಗುಹೆಗಳ ಬಾಯಲ್ಲಿ ನೆರೆಯುತ್ತವೆ. ಆ ಗುಂಪುಗಳ ನಡುವೆ ವಂಶವಾಹಿ ಹರಿಯುವುದು ಇಂತಹ ತಾಣಗಳಲ್ಲಿಯೇ ಎಂದು ಗೆರಾಲ್ಡ್ ಕೆರ್ತ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಹಗಲಿನ ಎಣಿಕೆಯಲ್ಲಿ ಅಂತಹ ಗುಹೆಗೆ ಸಿಗುವ ಅಂಕ ಸೊನ್ನೆ.

ಕಾನೂನಿನ ದೃಷ್ಟಿ ತಡವಾಗಿಯಾದರೂ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿಗಳ ಸಾಲಿನಲ್ಲಿ, ಉಪದ್ರವಿ ಪ್ರಾಣಿಗಳ ಅನುಸೂಚಿಯಲ್ಲಿ ಇರಿಸಿತ್ತು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ ಕಾನೂನು ಕಾಯುವುದು ಹೆಸರುಗಳ ಪಟ್ಟಿಯನ್ನು. ಹೆಸರಿಲ್ಲದ ವಂಶಧಾರೆಗೆ, ಎರಡು ಪ್ರಭೇದಗಳು ಸಂಧಿಸುವ ಇಳಿಜಾರಿಗೆ, ಒಂದು ಗುಂಪಿನಿಂದ ಇನ್ನೊಂದಕ್ಕೆ ಮರಿ ಹಾರಿಹೋಗುವ ದಾರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಪ್ರತಿ ಮರಕ್ಕೂ ವಂಶವಾಹಿ ಪರೀಕ್ಷೆ ಮಾಡಿಸಲು ಸಾಧ್ಯವೇ ಎಂದು ಯೋಜನೆಗಳ ಪರವಾಗಿರುವವರು ಕೇಳಬಹುದು. ಸಾಧ್ಯವಿಲ್ಲ, ಯಾರೂ ಹಾಗೆ ಬೇಡುತ್ತಲೂ ಇಲ್ಲ. ಬೇಡಿಕೆ ಸರಳವಾದುದು. ಘಟ್ಟದ ಯೋಜನೆಗಳ ಸಮೀಕ್ಷೆ ರಾತ್ರಿಯೂ ನಡೆಯಲಿ, ಮಳೆಗಾಲದಲ್ಲಿಯೂ ನಡೆಯಲಿ. ಬಾವಲಿಗಳ ಕೂಗನ್ನು ಯಂತ್ರದಲ್ಲಿ ದಾಖಲಿಸುವುದು ಕಡ್ಡಾಯವಾಗಲಿ. ನೋಟಕ್ಕೆ ಗುರುತು ಹತ್ತದಿರುವಲ್ಲಿ ‘ಸಾಮಾನ್ಯ’ ಎಂದು ಬರೆಯದೆ ‘ಗುರುತಿಸಿಲ್ಲ’ ಎಂದು ಬರೆಯಲಿ, ಗುರುತಿಸುವ ತನಕ ಕೊಡಲಿ ಕಾಯಲಿ. ದೇವರ ಕಾಡು, ಸೊಪ್ಪಿನ ಬೆಟ್ಟ, ಬೈನೆ ಮರಗಳ ಸಾಲು ಎಲ್ಲೆಲ್ಲಿ ಒಂದಕ್ಕೊಂದು ತಾಗಿಕೊಂಡಿವೆಯೋ ಆ ನಕ್ಷೆಯನ್ನು ಗ್ರಾಮದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಾವೇ ಸಿದ್ಧಪಡಿಸಿ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲಿ. ಊರಿನವರಿಗೆ ಈ ಕೆಲಸ ಕಷ್ಟವಲ್ಲ. ಯಾವ ಬೈನೆಯಲ್ಲಿ ಬಾವಲಿ ಕೂರುತ್ತದೆ ಎಂಬುದು ಅವರಿಗೆ ಗೊತ್ತಿದೆ. ವರದಿ ಬರೆಯುವವರು ಅವರನ್ನು ಕೇಳುವುದಿಲ್ಲ, ಅಷ್ಟೇ. ಮುಂದಿನ ಅಹವಾಲು ಸಭೆಯಲ್ಲಿ ವರದಿಯ ‘ಬಾವಲಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಯಾವ ಬಾವಲಿ, ಯಾವ ತಿಂಗಳು ನೋಡಿದ್ದು, ರಾತ್ರಿಯೋ ಹಗಲೋ ಎಂದು ಊರಿನವರೇ ಕೇಳಲಿ.