ಬ್ಯಾಟರಿ ಕೂರೋದು ದುಡಿದಲ್ಲ, ಕೂತು

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಕಡೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಮೊದಲು ಬರೋ ಮಾತು "ಬ್ಯಾಟರಿ ಕೂತ್ಬಿಟ್ಟಿದೆ". ಕ್ಲಾಸಿನಲ್ಲಿ ನಾವು ಇದಕ್ಕೆ ಡೀಪ್ ಡಿಸ್ಚಾರ್ಜ್, ಸಲ್ಫೇಷನ್ ಅಂತೆಲ್ಲ ಕಲಿತಿದ್ದೀವಿ. ಆದರೆ ಊರಿನ ಮಾತೇ ಹೆಚ್ಚು ಸರಿ ಅನ್ನೋದು ನಮ್ಮ ಅಭಿಪ್ರಾಯ. ಆ ಬ್ಯಾಟರಿ ಬಹಳ ಸಲ ದುಡಿದು ಹಾಳಾಗಿರೋದಿಲ್ಲ, ಶೆಡ್ಡಿನಲ್ಲಿ ಸುಮ್ಮನೆ ಕೂತು ಕೂತು ಹಾಳಾಗಿರುತ್ತೆ.

ನಮ್ಮ ಕನ್ನಡ ಸಂಘದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರು ಒಂದಷ್ಟು ಜನ ಇದ್ದೀವಿ. ರಜೆಗೆ ಊರಿಗೆ ಹೋದಾಗೆಲ್ಲ ಒಂದಲ್ಲ ಒಂದು ಮನೆಯಲ್ಲಿ ಈ ಕೂತ ಬ್ಯಾಟರಿ ಎದುರಾಗುತ್ತೆ. "ಇಂಜಿನಿಯರಿಂಗ್ ಓದ್ತಾ ಇದೀಯಲ್ಲಪ್ಪ, ಸ್ವಲ್ಪ ನೋಡು" ಅಂತ ದೊಡ್ಡಪ್ಪನೋ ಪಕ್ಕದ ಮನೆ ಅಣ್ಣನೋ ಕರೆಯೋದು ನಿಮಗೂ ಗೊತ್ತಿರುತ್ತೆ. ಬಿಎಂಎಸ್ ಮೇಲೆ ಮಿನಿ ಪ್ರಾಜೆಕ್ಟ್ ಮಾಡಿದವರು ಕೂಡ ಅಲ್ಲಿ ಮುಖ ಮುಖ ನೋಡ್ಕೊಳ್ತಾರೆ. ಈ ಬರಹ ಅದರ ಬಗ್ಗೆ.

ಬಳಸದೆ ಇಟ್ಟ ಬ್ಯಾಟರಿಯನ್ನ ಕಾಪಾಡೋದು ಹೇಗೆ ಅಂತ ಹುಡುಕಿದ್ರೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಸಲಹೆ ಸಿಗುತ್ತೆ. ಅದರಲ್ಲಿ ಮುಕ್ಕಾಲು ಪಾಲು ಚಳಿ ದೇಶದ ದೋಣಿ ಮಾಲೀಕರಿಗೆ ಬರೆದದ್ದು. ಅಲ್ಲಿ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತೆ. ದೋಣಿಯನ್ನ ದಡಕ್ಕೆ ಎಳೆದು, ಬ್ಯಾಟರಿ ಬಿಚ್ಚಿ, ಚಾರ್ಜ್ ಮಾಡಿ, ವಸಂತ ಬರೋವರೆಗೆ ಒಳಗಿಡ್ತಾರೆ. ಅವರ ದೊಡ್ಡ ಭಯ ಹಿಮ. ಚಾರ್ಜ್ ಇಳಿದ ಬ್ಯಾಟರಿಯಲ್ಲಿ ಆಸಿಡ್ ತೆಳುವಾಗಿ ಹೆಚ್ಚುಕಡಿಮೆ ನೀರೇ ಆಗಿರೋದ್ರಿಂದ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಿ ಡಬ್ಬವೇ ಒಡೆಯಬಹುದು. ಪೂರ್ತಿ ಚಾರ್ಜ್ ಆಗಿರೋದು ಸೊನ್ನೆಗಿಂತ 50 ಡಿಗ್ರಿ ಕೆಳಗೂ ತಡ್ಕೊಳ್ಳುತ್ತೆ.

ಎಮ್ಮೆದೊಡ್ಡಿಯ ಡಿಸೆಂಬರ್ ಚಳಿಗೆ ಕಂಬಳಿ ಹೊದ್ದು ಕೂರಬಹುದು, ಆದರೆ ನೀರು ಹೆಪ್ಪುಗಟ್ಟೋದಿಲ್ಲ. ಹಾಗಾದ್ರೆ ನಮಗೆ ಆ ಸಲಹೆ ಬೇಡ್ವಾ? ಬೇಕು, ಅದೂ ಅವರಿಗಿಂತ ಹೆಚ್ಚು ಬೇಕು ಅಂತೀವಿ ನಾವು. ಯಾಕಂದ್ರೆ ಲೆಡ್-ಆಸಿಡ್ ಬ್ಯಾಟರಿ ಯಾವ ತಂತಿಯನ್ನೂ ಜೋಡಿಸದೆ ಇಟ್ಟರೂ ತನ್ನಷ್ಟಕ್ಕೆ ಚಾರ್ಜ್ ಕಳ್ಕೊಳ್ಳುತ್ತೆ. ಬಿಸಿ ಹತ್ತು ಡಿಗ್ರಿ ಏರಿದ ಹಾಗೆಲ್ಲ ಆ ವೇಗ ಸರಿಸುಮಾರು ಎರಡು ಪಟ್ಟಾಗುತ್ತೆ. ಚಳಿ ದೇಶದವನ ಬ್ಯಾಟರಿ 5 ಡಿಗ್ರಿಯ ಗ್ಯಾರೇಜಿನಲ್ಲಿ ಹಾಯಾಗಿ ನಿದ್ದೆ ಮಾಡ್ತಿರುತ್ತೆ. ನಮ್ಮದು ಮಾರ್ಚ್-ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ 35 ಡಿಗ್ರಿಯಲ್ಲಿ ಕೂತಿರುತ್ತೆ. ಅಂದ್ರೆ ಎಂಟು ಪಟ್ಟು ವೇಗ. "ಸೀಸನ್ ಮುಗಿದಾಗ ಒಮ್ಮೆ ಚಾರ್ಜ್ ಮಾಡಿ, ಮುಂದಿನ ಸೀಸನ್‌ಗೆ ತೆಗೀರಿ" ಅನ್ನೋ ಸಲಹೆಯನ್ನ ಇಲ್ಲಿ ಹಾಗೇ ಪಾಲಿಸಿದ್ರೆ ಬ್ಯಾಟರಿ ಉಳಿಯೋದಿಲ್ಲ.

ದೋಣಿಯ ವಿಷಯಕ್ಕೇ ಬಂದ್ರೆ, ನಮ್ಮ ರಾಜ್ಯದಲ್ಲಿ ದೋಣಿಗಳು ಮಲಗೋದು ಚಳಿಗಾಲದಲ್ಲಿ ಅಲ್ಲ, ಮಳೆಗಾಲದಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು ದಕ್ಕೆಗಳಲ್ಲಿ ಬೋಟುಗಳು ಸಾಲಾಗಿ ನಿಂತುಬಿಡ್ತವೆ. ಅವುಗಳ ಇಂಜಿನ್ ಸ್ಟಾರ್ಟಿಂಗು, ಲೈಟು, ವೈರ್‌ಲೆಸ್ಸು, ಜಿಪಿಎಸ್ಸು, ಮೀನು ಹುಡುಕೋ ಉಪಕರಣ ಎಲ್ಲಕ್ಕೂ ಬ್ಯಾಟರಿ ಬೇಕು. ಎರಡು ತಿಂಗಳು ತೇವದ ಗಾಳಿ, ಉಪ್ಪು ಬೇರೆ. ಆಗಸ್ಟ್ ಮೊದಲ ವಾರ ಕಡಲಿಗೆ ಇಳಿಯೋ ಹೊತ್ತಿಗೆ ಬ್ಯಾಟರಿ ಕೂತಿದ್ರೆ ಇಂಜಿನ್ನಿನ ಜೊತೆ ವೈರ್‌ಲೆಸ್ ಕೂಡ ಹೋದ ಹಾಗೆ. ದಡದಲ್ಲೇ ಗೊತ್ತಾದ್ರೆ ಪುಣ್ಯ, ನಡುನೀರಿನಲ್ಲಿ ಗೊತ್ತಾದ್ರೆ ಜೀವದ ಪ್ರಶ್ನೆ.

ನಮ್ಮ ಕಡೆ ದೋಣಿ ನೋಡ್ಬೇಕಂದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ, ಭದ್ರಾ ಡ್ಯಾಮಿನ ಹಿನ್ನೀರಿಗೆ ಹೋಗ್ಬೇಕು. ಎಮ್ಮೆದೊಡ್ಡಿಯಲ್ಲಿ ದೋಣಿಯ ಜಾಗದಲ್ಲಿ ಇರೋದು ಟ್ರ್ಯಾಕ್ಟರ್, ಟಿಲ್ಲರ್, ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಸ್ಪ್ರೇಯರ್. ರಾಗಿ ಬಿತ್ತನೆ ಹೊತ್ತಿನಲ್ಲಿ ಬಿಡುವಿಲ್ಲದೆ ದುಡಿದ ಟ್ರ್ಯಾಕ್ಟರ್ ಆಮೇಲೆ ವಾರಗಟ್ಟಲೆ ನಿಂತಿರುತ್ತೆ. ದೋಣಿಗೂ ಅದಕ್ಕೂ ಬ್ಯಾಟರಿ ಮಟ್ಟಿಗೆ ಏನೂ ವ್ಯತ್ಯಾಸವಿಲ್ಲ.

ಇಲ್ಲಿ ಎಲ್ಲರೂ ಹೇಳೋ ಒಂದು ಉಪಾಯ ಇದೆ: "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು, ಚಾರ್ಜ್ ಆಗುತ್ತೆ." ನಾವು ಇದನ್ನ ಲೆಕ್ಕ ಹಾಕಿ ನೋಡಿದ್ವಿ, ನೀವೂ ಹಾಕಿ. 75 ಆಂಪಿಯರ್-ಅವರ್ ಬ್ಯಾಟರಿ ಅಂತಿಟ್ಟುಕೊಳ್ಳಿ. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಐದು ಸೆಕೆಂಡು ಎಳೆದರೆ ಖರ್ಚಾಗೋದು ಬರೀ 0.28 ಆಂಪಿಯರ್-ಅವರ್. ಸ್ಟಾರ್ಟ್ ಮಾಡೋದ್ರಲ್ಲೇ ಬ್ಯಾಟರಿ ಖಾಲಿಯಾಗುತ್ತೆ ಅನ್ನೋರ ಮಾತೂ ಹಾಗಾಗಿ ಸರಿಯಲ್ಲ. ಹತ್ತು ನಿಮಿಷ ಐಡಲ್‌ನಲ್ಲಿ ಆಲ್ಟರ್ನೇಟರ್ 10 ಆಂಪಿಯರ್ ಕೊಡ್ತು ಅಂತ ಉದಾರವಾಗಿ ಒಪ್ಪಿಕೊಳ್ಳೋಣ. ಬಂದದ್ದು 1.67. ಹೋದದ್ದು ಕಳೆದರೆ ವಾರಕ್ಕೆ 1.4, ತಿಂಗಳಿಗೆ ಐದೂವರೆ ಚಿಲ್ಲರೆ.

ಈಗ ಖರ್ಚಿನ ಕಡೆ ನೋಡಿ. ತಾನಾಗಿ ಇಳಿಯೋದು ತಿಂಗಳಿಗೆ ಶೇಕಡ 5 ಅಂದ್ರೂ 3.75. ಟ್ರ್ಯಾಕ್ಟರಿಗೆ ಜಿಪಿಎಸ್ ಟ್ರ್ಯಾಕರ್ರೋ ಹಾಡಿನ ಸೆಟ್ಟೋ ಹಾಕಿಸಿದ್ದು, ಅದು ಕೀ ತೆಗೆದ ಮೇಲೂ 20 ಮಿಲಿ ಆಂಪಿಯರ್ ಎಳೀತಾ ಇದ್ರೆ? ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಆದರೆ 0.02ನ್ನ 24 ಗಂಟೆಯಿಂದಲೂ 30 ದಿನದಿಂದಲೂ ಗುಣಿಸಿ: 14.4 ಆಂಪಿಯರ್-ಅವರ್! ಎರಡೂ ಸೇರಿ 18 ಹೋಗುತ್ತೆ, ಐದೂವರೆ ಬರುತ್ತೆ. ವಾರವಾರ ತಪ್ಪದೆ ಸ್ಟಾರ್ಟ್ ಮಾಡಿ, ಡೀಸೆಲ್ ಸುಟ್ಟು, ಮೂರು ತಿಂಗಳಲ್ಲಿ ಅರ್ಧ ಬ್ಯಾಟರಿ ಖಾಲಿ. ಅದರ ಬದಲು ಸ್ಪ್ಯಾನರ್ ತಗೊಂಡು ನೆಗೆಟಿವ್ ತಂತಿ ಬಿಚ್ಚಿಟ್ರೆ ಆ 14.4 ಪೂರ್ತಿ ಉಳಿಯುತ್ತೆ, ಒಂದು ಹನಿ ಡೀಸೆಲ್ ಇಲ್ಲದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೂ ಕಿಡಿ ಹಾರಬಾರದು ಅಂತ ಈ ಕ್ರಮ.

ಇನ್ನೊಂದು ವಿಷಯ, ಇದು ಲ್ಯಾಬಿನಲ್ಲಿ ನೋಡಿದವರಿಗೆ ಗೊತ್ತು. ಬ್ಯಾಟರಿಯ ಮೊದಲ 70-80 ಭಾಗ ಬೇಗ ತುಂಬುತ್ತೆ, ಕೊನೆಯ 20 ಭಾಗಕ್ಕೆ ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದ ಐಡಲಿಂಗು ಆ ಕೊನೆಯ ಭಾಗವನ್ನ ಮುಟ್ಟೋದೇ ಇಲ್ಲ. ಅರ್ಧ ತುಂಬಿದ ಸ್ಥಿತಿಯಲ್ಲಿ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ನಿಧಾನಕ್ಕೆ ದಪ್ಪ ಹರಳಾಗುತ್ತೆ. ಹೊಸದರಲ್ಲಿ ಅದು ಸಣ್ಣ ಪುಡಿ, ಚಾರ್ಜ್ ಮಾಡಿದ್ರೆ ಕರಗಿ ಹೋಗುತ್ತೆ. ಹಳೇದಾದ ಮೇಲೆ ಕರಗೋದಿಲ್ಲ. ಆಗ ಚಾರ್ಜರ್ ಹಾಕಿದ್ರೆ ಬೇಗನೆ "ಫುಲ್" ತೋರಿಸುತ್ತೆ, ಸೆಲ್ಫ್ ಹೊಡೆದ್ರೆ ಟಕ್ ಅಂದು ಸುಮ್ಮನಾಗುತ್ತೆ. ಊರವರು "ಸೆಲ್ ಹೋಗಿದೆ" ಅಂತ ಹೊಸದು ತರ್ತಾರೆ. ಗಾಸ್ಟಾನ್ ಪ್ಲಾಂಟೆ 1859ರಲ್ಲಿ ಮಾಡಿದ ಬ್ಯಾಟರಿಗೂ ಇದೇ ರಸಾಯನಶಾಸ್ತ್ರ, ನಮ್ಮ ಶೆಡ್ಡಿನ ಬ್ಯಾಟರಿಗೂ ಇದೇ. ನೂರ ಅರವತ್ತು ವರ್ಷ ದಾಟಿದ ಮೇಲೂ ನಮಗಿದು ವೈವಾ ಪ್ರಶ್ನೆಯಾಗಿಯೇ ಉಳಿದಿದೆ ಅನ್ನೋದು ನಮ್ಮ ಬೇಸರ.

ಎಲ್ಲಕ್ಕಿಂತ ಪಾಪದ್ದು ಸ್ಪ್ರೇಯರ್ ಬ್ಯಾಟರಿ. 12 ವೋಲ್ಟಿನ, 8 ಆಂಪಿಯರ್-ಅವರಿನ ಪುಟ್ಟ ಸೀಲ್ಡ್ ಡಬ್ಬ. ತರಕಾರಿಗೋ ಹೂವಿಗೋ ಕೊನೇ ಸಲ ಔಷಧಿ ಹೊಡೆದು, ಮೋಟಾರು ನಿಧಾನ ಆಗೋವರೆಗೂ ಬಳಸಿ, ಟ್ಯಾಂಕ್ ತೊಳೆದು ಅಟ್ಟಕ್ಕೆ ಏರಿಸ್ತಾರೆ. ಟ್ಯಾಂಕ್ ತೊಳೆಯೋ ಶ್ರದ್ಧೆ ಇರೋ ಮನೆಯಲ್ಲೂ ಅಟ್ಟಕ್ಕೆ ಏರಿಸೋ ಮೊದಲು ಚಾರ್ಜ್ ಮಾಡೋ ರೂಢಿ ಇಲ್ಲ. ಖಾಲಿ ಬ್ಯಾಟರಿ, ಹೆಂಚಿನ ಕೆಳಗಿನ ಸೆಕೆ, ಐದಾರು ತಿಂಗಳು. ಮುಂದಿನ ಬೆಳೆಗೆ ಇಳಿಸಿದಾಗ ಅದು ಸತ್ತಿರದಿದ್ರೇ ಆಶ್ಚರ್ಯ. ಆ ಸ್ಪ್ರೇಯರ್ ಹೊತ್ತು ದುಡಿಯೋರು ಬಹಳ ಕಡೆ ಕೂಲಿಯವರು, ಸಣ್ಣ ಹಿಡುವಳಿಯವರು. ಹೊಸ ಬ್ಯಾಟರಿ ಅಂದ್ರೆ ಅವರ ಕೈಯಿಂದ ಕೂಲಿ ದುಡ್ಡೇ ಹೋಗೋದು.

ಊರಿನ ಹೆಸರೇ ಎಮ್ಮೆದೊಡ್ಡಿ. ಹಾಲು ಬತ್ತಿಸಿದೆ ಅಂತ ಎಮ್ಮೆಗೆ ಮೇವು ಹಾಕೋದನ್ನ ಅಲ್ಲಿ ಯಾರೂ ನಿಲ್ಲಿಸೋದಿಲ್ಲ, ಹಾಗೆ ಮಾಡಿದವರನ್ನ ಊರೇ ಬೈಯುತ್ತೆ. ಬ್ಯಾಟರಿಗೂ ಅದೇ ನ್ಯಾಯ ಅಂತ ಹೇಳಿದ್ರೆ ಸಾಕು, ಸಲ್ಫೇಷನ್ ಪಾಠ ಬೇಕಾಗೋದೇ ಇಲ್ಲ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ 12.6 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹೊಟ್ಟೆ ತುಂಬಿದೆ. 12.4ಕ್ಕೆ ಬಂದ್ರೆ ಚಾರ್ಜಿಗೆ ಹಾಕಿ. 12.2 ಅಂದ್ರೆ ಅರ್ಧ. 12ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ರೆ ಆಮೇಲೆ ನಮ್ಮನ್ನ ಕರೀಬೇಡಿ.

ಮುಚ್ಚಳ ತೆಗೆಯೋ ಬ್ಯಾಟರಿ ಆದ್ರೆ ನೀರಿನ ಮಟ್ಟವನ್ನೂ ನೋಡ್ಬೇಕು. ಪ್ಲೇಟ್ ಮೇಲೆ ಕಾಣಿಸ್ತಿದ್ರೆ ಮುಳುಗೋವಷ್ಟು ಮಾತ್ರ ಮೊದಲು ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ರೂ ಅದರಲ್ಲಿರೋ ಲವಣ, ಕಬ್ಬಿಣ ಪ್ಲೇಟಿಗೆ ವಿಷ. "ಸ್ವಲ್ಪ ಆಸಿಡ್ ಹಾಕಿದ್ರೆ ಜೋರಾಗುತ್ತೆ" ಅನ್ನೋ ಮಾತನ್ನಂತೂ ಕೇಳ್ಲೇಬೇಡಿ: ಆರೋದು ನೀರು, ಆಸಿಡ್ ಅಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತೆ. ಗಾಳಿಯಲ್ಲಿ ಶೇಕಡ 4 ಸೇರಿದ್ರೆ ಬೀಡಿಯ ಕಿಡಿ ಸಾಕು. ಹಾಗಾಗಿ ಮಲಗೋ ಕೋಣೆಯಲ್ಲಿ ಬೇಡ, ಜಗಲಿಯಲ್ಲಿ ಇಡಿ. ಅಂದ ಹಾಗೆ, ನೆಲದ ಮೇಲಿಟ್ರೆ ಚಾರ್ಜ್ ಭೂಮಿಗೆ ಇಳಿದು ಹೋಗುತ್ತೆ, ಹಲಗೆ ಮೇಲೇ ಇಡ್ಬೇಕು ಅನ್ನೋ ನಂಬಿಕೆ ಮರದ ಪೆಟ್ಟಿಗೆಯ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅದು ಅನ್ವಯಿಸೋದಿಲ್ಲ. ಆದರೂ ಅಜ್ಜ ಹಲಗೆ ಹಾಕಿದ್ರೆ ತೆಗೀಬೇಡಿ, ನಷ್ಟವೇನಿಲ್ಲ.

ಲಿಥಿಯಂ ಬಂದ ಮೇಲೆ ಇದೆಲ್ಲ ಯಾಕೆ ಅಂತ ಕೇಳೋ ಗೆಳೆಯರಿದ್ದಾರೆ. ಲಿಥಿಯಂ ಬರ್ತಾ ಇದೆ, ನಿಜ. ಅದಕ್ಕೆ ನಿಯಮವೇ ಉಲ್ಟಾ: ತಿಂಗಳುಗಟ್ಟಲೆ ಇಡೋದಾದ್ರೆ ಪೂರ್ತಿ ತುಂಬಿಸದೆ ಅರ್ಧದ ಆಸುಪಾಸು ಇಟ್ಟು, ತಂಪಾದ ಜಾಗದಲ್ಲಿಡ್ಬೇಕು. ಒಂದೇ ಮನೆಯಲ್ಲಿ ಎರಡೂ ಇರೋ ಕಾಲ ಇದು. ಟ್ರ್ಯಾಕ್ಟರಿನದ್ದನ್ನ ತುಂಬಿಸಿಡು, ಸ್ಕೂಟರಿನದ್ದನ್ನ ಅರ್ಧ ಇಡು ಅಂತ ಅಮ್ಮನಿಗೆ ಬಿಡಿಸಿ ಹೇಳೋರು ಯಾರು?

ಯಾರು ಅನ್ನೋದೇ ನಮ್ಮ ಮುಖ್ಯ ಪ್ರಶ್ನೆ. ಬ್ಯಾಟರಿ ಜೊತೆ ಬರೋ ಚೀಟಿಯನ್ನ ಒಮ್ಮೆ ಬಿಡಿಸಿ ನೋಡಿ. ನಮ್ಮ ಕೈಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್, ಹೆಚ್ಚಂದ್ರೆ ಹಿಂದಿ. ಮಾರೋರಿಗೆ ಹೊಸದು ಮಾರಿದ್ರೆ ಲಾಭ. ಹಳೇದನ್ನ ವಾಪಸ್ ಪಡೆದು ಸರಿಯಾದ ರೀತಿಯಲ್ಲಿ ಮರುಬಳಕೆಗೆ ಕಳಿಸೋ ಹೊಣೆಯನ್ನ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹಾಕಿವೆ. ಒಳ್ಳೇದೇ. ಆದರೆ ಗುಜರಿಯವನು ತೂಕಕ್ಕೆ ತಗೊಂಡು ಹೋಗಿ ಎಲ್ಲೋ ಬಯಲಲ್ಲಿ ಒಡೆದ್ರೆ ಆ ಸೀಸ ಮಣ್ಣಿಗೆ, ನೀರಿಗೆ, ಕೊನೆಗೆ ಮಕ್ಕಳ ಮೈಗೆ ಸೇರುತ್ತೆ. ಎರಡು ವರ್ಷಕ್ಕೆ ಸಾಯೋ ಬ್ಯಾಟರಿ ನಾಲ್ಕು ವರ್ಷ ಬದುಕಿದ್ರೆ ಗುಜರಿಗೆ ಹೋಗೋ ಸೀಸವೂ ಅರ್ಧ ಆಗುತ್ತೆ.

ಆದ್ದರಿಂದ ನಮ್ಮ ಸಲಹೆ ಇದು. ಎನ್ನೆಸ್ಸೆಸ್ ಕ್ಯಾಂಪಿನ ಏಳು ದಿನದಲ್ಲಿ ರಸ್ತೆ ಗುಡಿಸಿ ಫೋಟೋ ತೆಗೆಸ್ಕೊಳ್ಳೋದಕ್ಕೆ ನಮ್ಮ ವಿರೋಧ ಇಲ್ಲ. ಆದರೆ ಅದರಲ್ಲಿ ಒಂದು ದಿನ ಬ್ಯಾಟರಿಗೆ ಕೊಡಿ. ನಾಲ್ಕು ಮಲ್ಟಿಮೀಟರ್, ಎರಡು ಹೈಡ್ರೋಮೀಟರ್, ತುಂಬಿದ ಮೇಲೆ ತಾನಾಗಿ ಕಡಿಮೆ ಮಾಡೋ ಎರಡು ಚಾರ್ಜರ್, ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್, ಕನ್ನಡಕ, ಗ್ಲೌಸ್, ಟರ್ಮಿನಲ್ ಮೇಲಿನ ಬಿಳಿ-ಹಸಿರು ತೊಳೆಯೋಕೆ ಅಡುಗೆ ಸೋಡ. ಹಾಲಿನ ಡೈರಿ ಮುಂದೆ ಕೂತ್ರೆ ಬೆಳಗ್ಗೆ ಹಾಲು ಹಾಕೋಕೆ ಬಂದವರೇ ಬ್ಯಾಟರಿ ಹೊತ್ಕೊಂಡು ಬರ್ತಾರೆ. ಡೈರಿಯಲ್ಲೋ ಸೊಸೈಟಿಯಲ್ಲೋ ಒಂದು ಒಳ್ಳೇ ಚಾರ್ಜರ್ ಕಾಯಂ ಆಗಿ ಇಡಿಸೋಕಾದ್ರೆ ಇನ್ನೂ ಚೆನ್ನ. ಅಷ್ಟು ಭಾರದ್ದನ್ನ ಕಡೂರಿಗೆ ಹೊತ್ತು, ಅಲ್ಲಿ ಬಿಟ್ಟು, ಮಾರನೇ ದಿನ ಮತ್ತೆ ಹೋಗಿ ತರೋ ತಾಪತ್ರಯಕ್ಕೇ ಎಷ್ಟೋ ಜನ ಚಾರ್ಜ್ ಮಾಡಿಸೋದನ್ನ ಬಿಡ್ತಾರೆ.

ಕನ್ನಡ ಸಂಘವಾಗಿ ನಮ್ಮ ಪಾಲಿನ ಕೆಲಸ ಒಂದು ಪುಟದ ಕನ್ನಡ ಚೀಟಿ. ಶೆಡ್ಡಿನ ಗೋಡೆಗೆ ಅಂಟಿಸೋ ಹಾಗಿರ್ಬೇಕು, ಕನ್ನಡಕ ಇಲ್ಲದೆ ಓದೋಷ್ಟು ದೊಡ್ಡ ಅಕ್ಷರ, ತಿಂಗಳ ಹೆಸರಿನ ಮುಂದೆ ವೋಲ್ಟೇಜ್ ಬರೆಯೋಕೆ ಖಾಲಿ ಮನೆ. ಕರಡು ತಯಾರಿದೆ. ಪದಗಳ ಬಗ್ಗೆ ಮಾತ್ರ ಜಗಳ ನಡೀತಾ ಇದೆ. ಒಬ್ಬರು "ವಿದ್ಯುತ್ಕೋಶ" ಅಂತ ಬರೆದಿದ್ರು, ಉಳಿದವರು ಸೇರಿ ಹೊಡೆದು ಹಾಕಿದ್ವಿ. ಬ್ಯಾಟರಿ ಬ್ಯಾಟರಿಯೇ. ಹೈಡ್ರೋಮೀಟರಿಗೆ ಮಾತ್ರ ಇನ್ನೂ ಒಪ್ಪಿಗೆ ಆಗಿಲ್ಲ. ನಿಮ್ಮೂರಿನ ಬ್ಯಾಟರಿ ಅಂಗಡಿಯಲ್ಲಿ ಆ ಗಾಜಿನ ಕೊಳವೆಗೆ ಏನಂತಾರೆ ಅಂತ ಈ ರಜೆಯಲ್ಲಿ ಕೇಳ್ಕೊಂಡು ಬಂದು ಹೇಳಿ.