ಸೊಳ್ಳೆಗಳನ್ನು ಬಿಡುವ ಮುನ್ನ

ಸೊಳ್ಳೆಗಳನ್ನು ಸಾಕಿ, ಊರೊಳಗೆ ಬಿಟ್ಟು, ಅವುಗಳಿಂದಲೇ ರೋಗವನ್ನು ತಡೆಯಬಹುದೆಂದರೆ ವಾಚಕರು ನಕ್ಕಾರು. ಆದರೆ ಇಂಡೊನೇಷ್ಯದ ಯೋಗ್ಯಕರ್ತ ನಗರದಲ್ಲಿ ನಡೆದುದು ಇದೇ. ಪ್ರಯೋಗದ ಪ್ರದೇಶವನ್ನು 24 ಭಾಗಗಳನ್ನಾಗಿ ಮಾಡಿ, 12ರಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯವನ್ನು ಹೊತ್ತ ಈಡಿಸ್ ಸೊಳ್ಳೆಗಳನ್ನು ಬಿಟ್ಟರು. ಉಳಿದ 12ನ್ನು ಹೋಲಿಕೆಗೆಂದು ಹಾಗೆಯೇ ಇರಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೊಳ್ಳೆ ಬಿಟ್ಟೆಡೆಗಳಲ್ಲಿ ಡೆಂಗ್ಯೂ ಶೇಕಡ 77ರಷ್ಟು ಇಳಿದಿತ್ತು.

ಈ ಜೀವಿ ಪ್ರಯೋಗಶಾಲೆಯ ಸೃಷ್ಟಿಯಲ್ಲ. 1924ರಲ್ಲಿಯೇ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ವಿಜ್ಞಾನಿಗಳು ಇದನ್ನು ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಕಂಡಿದ್ದರು. ಅನೇಕ ಕೀಟಗಳ ಜೀವಕೋಶಗಳೊಳಗೆ ಇದು ಒಕ್ಕಲಾಗಿದೆ. ಡೆಂಗ್ಯೂವನ್ನು ಹರಡುವ ಈಡಿಸ್ ಈಜಿಪ್ಟೈಯಲ್ಲಿ ಮಾತ್ರ ಸಾಮಾನ್ಯವಾಗಿ ಕಾಣದು. ಆದುದರಿಂದ ಹಣ್ಣುನೊಣದಿಂದ ತೆಗೆದು ಅದರ ಮೊಟ್ಟೆಗೆ ಚುಚ್ಚಿ ಸೇರಿಸಬೇಕಾಯಿತು. ಇದು ನೆಲೆಸಿದ ಸೊಳ್ಳೆಯಲ್ಲಿ ಡೆಂಗ್ಯೂ ವೈರಸ್ ಸುಲಭವಾಗಿ ವೃದ್ಧಿಯಾಗಲಾರದು. ಇನ್ನೂ ಸೋಜಿಗವೆಂದರೆ ಇದು ಹರಡುವ ಬಗೆ. ತಾಯಿಯ ಮೊಟ್ಟೆಯ ಮೂಲಕ ಮರಿಗಳಿಗೆ ಇಳಿಯುತ್ತದೆ. ಇದುಳ್ಳ ಗಂಡು ಇದಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆಗಳು ಮರಿಯಾಗವು. ಹೀಗಾಗಿ ಬ್ಯಾಕ್ಟೀರಿಯವುಳ್ಳ ಹೆಣ್ಣುಗಳ ಸಂತತಿಯೇ ತಲೆಮಾರಿನಿಂದ ತಲೆಮಾರಿಗೆ ಮೇಲುಗೈ ಪಡೆಯುತ್ತದೆ.

ನಮ್ಮ ದೇಶದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಇಂಥ ಎರಡು ಸೊಳ್ಳೆ ಸಂತತಿಗಳನ್ನು ಸಿದ್ಧಪಡಿಸಿರುವುದಾಗಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ 2022ರಲ್ಲಿ ತಿಳಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು. ಬೆಂಗಳೂರಿನಂಥ ನಗರದ ಒಂದು ಭಾಗದಲ್ಲಾದರೂ ಪರೀಕ್ಷೆ ನಡೆಯಬೇಕೆಂಬುದು ನಮ್ಮ ಮತ.

ಆದರೆ ಹಳೆಯದೊಂದು ಪ್ರಕರಣವನ್ನು ಮರೆಯಲಾಗದು. 1970ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೂಡಿ ದೆಹಲಿಯಲ್ಲಿ ಸೊಳ್ಳೆಗಳ ತಳಿನಿಯಂತ್ರಣ ಘಟಕವೊಂದನ್ನು ನಡೆಸುತ್ತಿದ್ದವು. ಅದರಲ್ಲಿ ಅಮೆರಿಕದ ಹಣವಿತ್ತು. ಇದು ಜೈವಿಕ ಯುದ್ಧದ ಸಿದ್ಧತೆಯೆಂಬ ಶಂಕೆ ಪತ್ರಿಕೆಗಳಲ್ಲಿ ಎದ್ದು ಸಂಸತ್ತನ್ನು ಮುಟ್ಟಿತು. ಸೋನೆಪತ್ತಿನಲ್ಲಿ ಈಡಿಸ್ ಸೊಳ್ಳೆಗಳನ್ನು ಬಿಡಬೇಕಾಗಿದ್ದ ಪ್ರಯೋಗ ನಿಂತಿತು. 1975ರಲ್ಲಿ ಘಟಕವೇ ಮುಚ್ಚಿತು. ಅಲ್ಲಿ ಸೋತುದು ಸೊಳ್ಳೆಯ ಶಾಸ್ತ್ರವಲ್ಲ, ಜನರ ವಿಶ್ವಾಸ. ಯೋಗ್ಯಕರ್ತದಲ್ಲಾದರೋ ಸೊಳ್ಳೆಮೊಟ್ಟೆಗಳ ಬಕೆಟ್ಟುಗಳನ್ನು ನಿವಾಸಿಗಳು ಒಪ್ಪಿ ತಮ್ಮ ಅಂಗಳಗಳಲ್ಲೇ ಇರಿಸಿಕೊಂಡರು.

ಬಿಟ್ಟ ಸೊಳ್ಳೆಗಳಲ್ಲಿ ಹೆಣ್ಣುಗಳೂ ಇರುವುದರಿಂದ ಕೆಲವು ಕಾಲ ಕಡಿತ ಹೆಚ್ಚಬಹುದು. ಸುಡುಬೇಸಗೆಯಲ್ಲಿ ವೊಲ್ಬಾಕಿಯದ ಕೆಲವು ತಳಿಗಳು ಕುಗ್ಗುವುದೂ ಉಂಟು. ನೀರಿನ ತೊಟ್ಟಿಗಳನ್ನು ಮುಚ್ಚುವ ಕೆಲಸವೂ ತಪ್ಪದು. ಇವನ್ನೆಲ್ಲ ಮೊದಲ ಬಕೆಟ್ಟು ಅಂಗಳ ಸೇರುವ ಮುನ್ನವೇ, ಕನ್ನಡದಲ್ಲಿ, ಮನೆಮನೆಗೆ ಹೋಗಿ ಹೇಳಬೇಕು. ಬೇಡವೆಂದವರ ಮಾತನ್ನೂ ಕುಳಿತು ಕೇಳಬೇಕು.