ಬಿಸಿನೆಸ್ ಕ್ಲಾಸಿಗೆ ಡ್ರೆಸ್ ಕೋಡ್ ಬೇಕಂತೆ!

ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಕೂರೋರಿಗೆ ಡ್ರೆಸ್ ಕೋಡ್ ಇರಬೇಕು, ಹವಾಯಿ ಚಪ್ಪಲಿ, ಚಡ್ಡಿ ಹಾಕ್ಕೊಂಡು ಬರೋರನ್ನ ತಡೀಬೇಕು ಅಂತ ಕೆಲವರ ವಾದ. ನಮ್ಮ ನಾಗಮಂಗಲ, ಕೆ.ಆರ್.ಪೇಟೆ ಕಡೆಯೋರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ.

ನಾನು ಹುಡುಗನಾಗಿದ್ದಾಗ ನಮ್ಮಪ್ಪ ಊರೊಳಗಿನ ದೊಡ್ಡ ಬೀದಿ ಬಂದ ಕೂಡ್ಲೆ ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಳ್ತಿದ್ದ. ಬೀದಿ ದಾಟಿದ ಮೇಲೆ ಮತ್ತೆ ಮೆಟ್ಕೊಳ್ತಿದ್ದ. ಯಾಕಪ್ಪಾ ಅಂದ್ರೆ "ಹೊಸ ಚಪ್ಪಲಿ ಕಣೋ, ಸವೆದೋಗುತ್ತೆ" ಅಂತಿದ್ದ. ಆ ಬೀದೀಲಿ ಯಾವ ಬೋರ್ಡೂ ಇರ್ಲಿಲ್ಲ. ಆದ್ರೂ ಡ್ರೆಸ್ ಕೋಡ್ ಇತ್ತು. ಅದು ನಮಗೆ ಮಾತ್ರ ಇತ್ತು.

ಅದೆಲ್ಲ ಹಳೇ ಕಾಲ ಅನ್ನೋರು 2024 ನೆನಪಿಸ್ಕೊಳ್ಳಿ. ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತರನ್ನ ತಡೆದರು. ಅವರ ಕೈಲಿ ಟಿಕೆಟ್ ಇತ್ತು. ಜುಲೈನಲ್ಲಿ ಮಾಗಡಿ ರಸ್ತೆಯ ಜಿಟಿ ಮಾಲ್ ಬಾಗಿಲಲ್ಲಿ, ಮಗನ ಜೊತೆ ಸಿನಿಮಾ ನೋಡೋಕೆ ಬಂದ ಹಾವೇರಿಯ ರೈತರನ್ನ ಪಂಚೆ ಉಟ್ಟಿದ್ದಾರೆ ಅಂತ ನಿಲ್ಲಿಸಿದರು. ಜನ ರೊಚ್ಚಿಗೆದ್ದ ಮೇಲೆ ಸರ್ಕಾರ 7 ದಿನ ಮಾಲ್ ಮುಚ್ಚಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಉಡೋದೂ ಪಂಚೇನೇ. ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿದ್ದೂ ಪಂಚೇಲೇ. ಅವರನ್ನ ಯಾವ ಗಾರ್ಡೂ ತಡೆಯಲ್ಲ. ಅಂದ್ರೆ ಬಾಗಿಲಲ್ಲಿ ನಿಂತೋನು ಬಟ್ಟೆ ನೋಡ್ತಾ ಇಲ್ಲ, ಬಟ್ಟೆ ಒಳಗಿರೋದು ಯಾರು ಅಂತ ನೋಡ್ತಾನೆ.

"ಹಾಗಾದ್ರೆ ಒಳ್ಳೇ ಬಟ್ಟೆ ಹಾಕ್ಕೊಂಡು ಹೋಗಿ, ಆಯ್ತಲ್ಲ" ಅಂತಾರೆ. ಬಾಬಾಸಾಹೇಬರು ಅದನ್ನೂ ನೋಡಿದವರು. 1901ರ ಸುಮಾರಿಗೆ, ತಂದೆಯನ್ನ ನೋಡೋಕೆ ಹೊರಟ ಹುಡುಗ ಭೀಮ ಮತ್ತು ಜೊತೆಯ ಮಕ್ಕಳು ಹೊಸ ಬಟ್ಟೆ ತೊಟ್ಟು ಮಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದರು. ಸ್ಟೇಷನ್ ಮಾಸ್ಟರು ಬ್ರಾಹ್ಮಣರ ಮಕ್ಕಳು ಅಂದ್ಕೊಂಡು ಪ್ರೀತಿಯಿಂದಲೇ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡ್ಲೆ ಅವನ ಮುಖವೇ ಬದಲಾಯ್ತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ತಾವೇ ಹೊಡ್ಕೊಂಡು ಹೋಗಬೇಕಾಯ್ತು. ಗಾಡಿಯವನು ಮೈಲಿಗೆ ಆಗುತ್ತೆ ಅಂತ ನಡ್ಕೊಂಡು ಬಂದ. ಹೊಸ ಬಟ್ಟೆ ಇತ್ತು, ಪ್ರೀಮಿಯಂ ರೇಟೂ ಕೊಟ್ಟಿದ್ರು. ಮರ್ಯಾದೆ ಸಿಗಲಿಲ್ಲ.

ಹಾಗಂತ ನಾವು ಒಳ್ಳೇ ಬಟ್ಟೆಯ ವಿರೋಧಿಗಳಲ್ಲ. 1927ರ ಮಹಾಡ್‌ನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ, ಸೀರೆಯನ್ನ ಬೇರೆಯವರ ಹಾಗೇ ಮೈತುಂಬ ಉಡಿ ಅಂತ ಹೇಳಿದ್ದು ಬಾಬಾಸಾಹೇಬರೇ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಮ್ಮ ಕೇರಿಗಳಲ್ಲಿ ಅವರನ್ನ ಸೂಟಿನಲ್ಲೇ ನಿಲ್ಲಿಸಿದ್ದೀವಿ. ಸೂಟು ಹಾಕೋದು ನಮ್ಮ ಹಕ್ಕು. ಇನ್ನೊಬ್ಬರ ಪಂಚೆ ನೋಡಿ ಬಾಗಿಲು ಹಾಕೋ ಹಕ್ಕು ಯಾರಿಗೂ ಇಲ್ಲ.

ಪಕ್ಕದಲ್ಲಿ ಕೂತೋರಿಗೆ ಮುಜುಗರ ಆಗಬಾರದು ಅನ್ನೋ ಮಾತನ್ನ ಒಪ್ತೀನಿ. ಅದಕ್ಕೆ ನಡತೆಯ ನಿಯಮ ಮಾಡಿ. 2022ರ ನವೆಂಬರಿನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ, ಕುಡಿದಿದ್ದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆ ಮೇಲೆ ಮೂತ್ರ ಮಾಡಿದ ಅನ್ನೋ ಆರೋಪ ಬಂತು. ಅದು ಬಿಸಿನೆಸ್ ಕ್ಲಾಸೇ ಅಲ್ವಾ? ಡ್ರೆಸ್ ಕೋಡ್ ಇದ್ದಿದ್ರೆ ಅದನ್ನ ತಡೀತಿತ್ತಾ?

2017ರಲ್ಲಿ ಉಡಾನ್ ಯೋಜನೆ ಶುರುವಾದಾಗ ಹವಾಯಿ ಚಪ್ಪಲಿ ಹಾಕೋನೂ ವಿಮಾನ ಹತ್ತಬೇಕು ಅಂತ ಪ್ರಧಾನಿಗಳೇ ಹೇಳಿದ್ರು. ಹತ್ತಿದ ಮೇಲೆ ಚಪ್ಪಲಿ ಕೈಲಿ ಹಿಡ್ಕೋ ಅಂತ ಹೇಳಬೇಡಿ.

ನಮ್ಮ ಕೇರಿಯ ಹುಡುಗ ಹುಡುಗೀರಿಗೆ ಒಂದು ಮಾತು. ಓದಿ, ಕೆಲಸಕ್ಕೆ ಸೇರಿ, ಒಂದಿನ ಅಪ್ಪ ಅವ್ವನ್ನ ವಿಮಾನ ಹತ್ತಿಸ್ತೀರಿ. ಮುಂದಿನ ಸೀಟೇ ಬುಕ್ ಮಾಡಿ. "ಅವ್ವಾ, ಈ ಸೀರೆ ಬೇಡ" ಅಂತ ಮಾತ್ರ ಅನ್ನಬೇಡಿ.

ಜೈ ಭೀಮ್.